ಮೇಜಿನ ಮೇಲಿನ ಕಾರನ್ನು ರಸ್ತೆಗಿಳಿಸಿದವರು

ವಿದ್ಯುತ್ ವಾಹನಗಳ ಬಗ್ಗೆ ಬರೆಯುವವರಲ್ಲಿ, ಯೂಟ್ಯೂಬಿನಲ್ಲಿ ಮಾತಾಡುವವರಲ್ಲಿ ಈಗೊಂದು ನಂಬಿಕೆ ಬೇರೂರಿಬಿಟ್ಟಿದೆ. ತಗಡು ಚಪ್ಪಟೆಯಾಗಿರಬೇಕು, ಅಂಚು ಚೂಪಾಗಿರಬೇಕು, ಮೂತಿಯಿಂದ ನೆತ್ತಿಗೆ ಸ್ಕೇಲಿಟ್ಟು ಎಳೆದಂಥ ಒಂದೇ ಗೆರೆ ಹೋಗಿರಬೇಕು, ಹೆಡ್‌ಲೈಟಿನ ಜಾಗದಲ್ಲಿ ಈ ಕಿವಿಯಿಂದ ಆ ಕಿವಿಯವರೆಗೆ ಬೆಳಕಿನ ಪಟ್ಟಿ ಇರಬೇಕು. ಇಷ್ಟಿದ್ದರೆ ಅದು ಭವಿಷ್ಯದ ಕಾರು. ಮೈ ದುಂಡಗಿತ್ತೋ, ಅದು ಹಳೇ ಕಾಲದ್ದು, ಧೈರ್ಯವಿಲ್ಲದವರು ಮಾಡಿದ್ದು. ಈ ನಂಬಿಕೆಯ ಉತ್ಸವಮೂರ್ತಿ ಟೆಸ್ಲಾದ ಸೈಬರ್‌ಟ್ರಕ್. ಅದನ್ನು ಕೊಂಡವರಿಗಿಂತ ಹೊಗಳಿದವರು ಹೆಚ್ಚು. ಹೊಗಳಿದವರಲ್ಲಿ ಅದನ್ನು ರಸ್ತೆಯ ಮೇಲೆ ಕಣ್ಣಾರೆ ಕಂಡವರು ಬಹಳ ಕಡಿಮೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಈ ಆಕಾರ ಬಂದಿರುವುದು 1970ರ ಸುಮಾರಿನ ಪ್ರದರ್ಶನ ವೇದಿಕೆಗಳಿಂದ, ಸಿನಿಮಾ ಸೆಟ್ಟುಗಳಿಂದ, ಆಟಿಕೆಯ ಪೆಟ್ಟಿಗೆಗಳಿಂದ. ಅಲ್ಲಿದ್ದಾಗ ಅದು ಚೆಂದವಿತ್ತು, ನಿಜಕ್ಕೂ ಚೆಂದವಿತ್ತು. ನನ್ನ ಪುಸ್ತಕದ ಕಪಾಟಿನಲ್ಲೂ ಅಂಥ ಕೆಲವು ಪುಟಾಣಿ ಕಾರುಗಳಿವೆ, ಯಾರಾದರೂ ಕೇಳಿದರೆ ಕೊಡುವುದಿಲ್ಲ. ಆದರೆ ಅಂಗೈಯಲ್ಲಿ ಹಿಡಿಸುವ ಮಾದರಿಗೆ ಒಪ್ಪುವ ರೂಪವನ್ನು ಮೂರು ಟನ್ನಿನ ಬಂಡಿಗೆ ತೊಡಿಸಿ, ಅದನ್ನೇ ಪ್ರಗತಿ ಎಂದು ಸಾರುವುದಕ್ಕೆ ನನ್ನ ತಕರಾರಿದೆ.

2019ರ ನವೆಂಬರ್ 21ರ ರಾತ್ರಿ, ಕ್ಯಾಲಿಫೋರ್ನಿಯಾದ ಹಾಥಾರ್ನ್‌ನಲ್ಲಿರುವ ಟೆಸ್ಲಾ ವಿನ್ಯಾಸ ಕೇಂದ್ರದಲ್ಲಿ ಈ ಟ್ರಕ್ಕಿನ ಅನಾವರಣವಾಯಿತು. 1982ರಲ್ಲಿ ತೆರೆಕಂಡ ‘ಬ್ಲೇಡ್ ರನ್ನರ್’ ಚಿತ್ರದ ಕಥೆ ನಡೆಯುವುದೂ 2019ರ ನವೆಂಬರ್ ತಿಂಗಳಲ್ಲೇ, ಲಾಸ್ ಏಂಜಲೀಸಿನಲ್ಲೇ. ತಮ್ಮ ಟ್ರಕ್ಕಿಗೆ ಆ ಚಿತ್ರವೂ, 1977ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ಕಡಲಿಗಿಳಿಯುವ ಲೋಟಸ್ ಎಸ್‌ಪ್ರಿ ಕಾರೂ ಸ್ಫೂರ್ತಿ ಎಂದು ಇಲಾನ್ ಮಸ್ಕ್ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಆ ಜಲಾಂತರ್ಗಾಮಿ ಲೋಟಸ್ಸನ್ನು 2013ರ ಹರಾಜಿನಲ್ಲಿ ಸುಮಾರು 5.5 ಲಕ್ಷ ಪೌಂಡ್ ಕೊಟ್ಟು ಕೊಂಡವರೂ ಅವರೇ. ಅದು ರಸ್ತೆಯಲ್ಲಿ ಓಡುವ ಕಾರಾಗಿರಲಿಲ್ಲ. ಚಿತ್ರೀಕರಣಕ್ಕೆಂದು ಮಾಡಿದ ಚಿಪ್ಪು. ಒಳಗೆಲ್ಲ ನೀರು ತುಂಬಿಕೊಳ್ಳುತ್ತಿತ್ತು, ಮುಳುಗುಗಾರನೊಬ್ಬ ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಒಳಗೆ ಕೂತು ಅದನ್ನು ನಡೆಸಬೇಕಿತ್ತು. ಅಂದರೆ ಈ ‘ಭವಿಷ್ಯ’ದ ಮೂಲಪುರುಷ ಒಂದು ಸಿನಿಮಾ ಸಾಮಾನು. ಇನ್ನು ಬ್ಲೇಡ್ ರನ್ನರ್‌ನ ಹಾರುವ ಪೊಲೀಸ್ ಕಾರು ಸಿಡ್ ಮೀಡ್ ಎಂಬ ಕಲಾವಿದರ ಕೈಚಳಕ. ಆ ಚಿತ್ರವನ್ನು ಮತ್ತೊಮ್ಮೆ ಹಾಕಿಕೊಂಡು ನೋಡಿ, ಅದರ ಗಾಜು ಗುಳ್ಳೆಯಂತೆ ಉಬ್ಬಿದೆ. ಸೈಬರ್‌ಟ್ರಕ್ಕಿನ ಭಕ್ತರು ಆ ಚಿತ್ರದ ಮೇಲೆ ಆಣೆ ಹಾಕುತ್ತಾರೆ, ಚಿತ್ರವನ್ನು ಸರಿಯಾಗಿ ನೋಡಿದಂತಿಲ್ಲ.

ಆ ರಾತ್ರಿ ವಿನ್ಯಾಸಕಾರ ಫ್ರಾಂಜ್ ವಾನ್ ಹೋಲ್ಟ್ಸ್‌ಹೌಸೆನ್ ಒಡೆಯದ ಗಾಜು ಎಂದು ತೋರಿಸಲು ಉಕ್ಕಿನ ಗುಂಡು ಎಸೆದರು, ಗಾಜು ಬಿರುಕುಬಿಟ್ಟಿತು. ಎರಡನೆಯದಕ್ಕೂ ಎಸೆದರು, ಅದೂ ಬಿರುಕುಬಿಟ್ಟಿತು. ಜಗತ್ತೆಲ್ಲ ನಕ್ಕ ಆ ದೃಶ್ಯ ನನಗೆ ಅಷ್ಟು ಮುಖ್ಯವಲ್ಲ. ಮುಖ್ಯವಾದದ್ದು ಮೂರು ತಿಂಗಳ ನಂತರ ನಡೆಯಿತು. 2020ರ ಫೆಬ್ರುವರಿಯಲ್ಲಿ ಹಾಟ್ ವೀಲ್ಸ್ ಕಂಪನಿ ರಿಮೋಟಿನಲ್ಲಿ ಓಡುವ ಸೈಬರ್‌ಟ್ರಕ್ ಆಟಿಕೆಯನ್ನು ಘೋಷಿಸಿತು. 1:64 ಅಳತೆಯದಕ್ಕೆ 20 ಡಾಲರ್, 1:10 ಅಳತೆಯದಕ್ಕೆ 400 ಡಾಲರ್. ದೊಡ್ಡದರ ಜೊತೆಗೆ ಒಡೆದ ಗಾಜಿನ ಚಿತ್ರವಿರುವ ಸ್ಟಿಕ್ಕರ್ ಬೇರೆ; ಬೇಕಾದಾಗ ಅಂಟಿಸಿಕೊಳ್ಳಬಹುದು, ಬೇಡವೆಂದಾಗ ಕಿತ್ತುಕೊಳ್ಳಬಹುದು. ಮಕ್ಕಳ ಕೈಗೂ, ಮಕ್ಕಳಂಥ ದೊಡ್ಡವರ ಕೈಗೂ ಆಟಿಕೆ ಸಿಕ್ಕಿ ಎಷ್ಟೋ ಕಾಲವಾದ ಮೇಲೆ, 2023ರ ನವೆಂಬರ್ 30ರಂದು, ಅಸಲಿ ಟ್ರಕ್ಕಿನ ಮೊದಲ ಕೀಲಿಗಳು ಗಿರಾಕಿಗಳ ಕೈಸೇರಿದವು. 39,900 ಡಾಲರಿನಿಂದ ಶುರು ಎಂದು ಹೇಳಿದ್ದ ಬೆಲೆ ಅಷ್ಟರಲ್ಲಿ 60,990 ಡಾಲರ್ ಆಗಿತ್ತು. ಆಟಿಕೆ ಮೊದಲು, ವಾಹನ ಆಮೇಲೆ. ಇದನ್ನು ನಾನು ಕಾಕತಾಳೀಯ ಎಂದು ನಂಬುವುದಿಲ್ಲ. ಆಟಿಕೆಯಾಗಿ ಆ ಆಕಾರಕ್ಕೆ ಒಂದು ಕೊರತೆಯೂ ಇರಲಿಲ್ಲ.

ಹಿಂದಿನವರು ಕಂಡ ಭವಿಷ್ಯವೂ ಹೀಗೆ ಚೂಪಾಗಿಯೇ ಇತ್ತೇ? 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಜನರಲ್ ಮೋಟರ್ಸ್ ಕಂಪನಿ ‘ಫ್ಯೂಚರಾಮ’ ಎಂಬ ದೊಡ್ಡ ಪ್ರದರ್ಶನ ಹೂಡಿತ್ತು. ನಾರ್ಮನ್ ಬೆಲ್ ಗೆಡ್ಡಿಸ್ ರೂಪಿಸಿದ ಆ ಪುಟ್ಟ ಜಗತ್ತಿನಲ್ಲಿ 5 ಲಕ್ಷ ಕಟ್ಟಡಗಳು, 50,000 ಮಾದರಿ ಕಾರುಗಳು, ಅವುಗಳಲ್ಲಿ 10,000 ನಿಜವಾಗಿ ಚಲಿಸುತ್ತಿದ್ದವು. ನೋಡುಗರು ಚಲಿಸುವ ಕುರ್ಚಿಯಲ್ಲಿ ಕೂತು 1960ರ ಅಮೆರಿಕವನ್ನು ಮೇಲಿನಿಂದ ಕಂಡು, ‘ನಾನು ಭವಿಷ್ಯವನ್ನು ಕಂಡಿದ್ದೇನೆ’ ಎಂಬರ್ಥದ ಬಿಲ್ಲೆ ಸಿಕ್ಕಿಸಿಕೊಂಡು ಹೊರಬರುತ್ತಿದ್ದರು. ಆ ಕಾರುಗಳಲ್ಲಿ ಚೂಪು ಅಂಚು ಹುಡುಕಿದರೂ ಸಿಗದು. ಎಲ್ಲವೂ ನೀರಹನಿಯ ಆಕಾರ, ಮುಂದೆ ದುಂಡು, ಹಿಂದೆ ಸಪೂರ. ಆ ಪೀಳಿಗೆಗೆ ನಾಳೆ ಎಂದರೆ ಅದು.

ಹತ್ತೊಂಬತ್ತು ವರ್ಷ ಕಳೆಯಿತು, ನಾಳೆಯ ರೂಪ ಬದಲಾಯಿತು. 1958ರಲ್ಲಿ ಫೋರ್ಡ್ ಕಂಪನಿ ‘ನ್ಯೂಕ್ಲಿಯಾನ್’ ತೋರಿಸಿತು. ಹಿಂಭಾಗದಲ್ಲಿ ಎರಡು ತೋಳುಗಳ ನಡುವೆ ಅಣುಸ್ಥಾವರದ ಕೊಪ್ಪರಿಗೆ. ಅದರಿಂದ ಆದಷ್ಟು ದೂರವಿರಲೆಂದು ಪ್ರಯಾಣಿಕರನ್ನು ಮುಂದಿನ ಚಕ್ರಗಳನ್ನೂ ದಾಟಿ ಮೂತಿಯ ತುದಿಗೆ ತಳ್ಳಿದ ಗಾಜಿನ ಕೋಣೆ. ಒಮ್ಮೆ ಇಂಧನ ತುಂಬಿಸಿದರೆ 5,000 ಮೈಲಿ ಓಡುತ್ತದೆಂಬ ಆಶ್ವಾಸನೆ. ಆ ಕಾರು ಪೂರ್ಣ ಗಾತ್ರದಲ್ಲಿ ಹುಟ್ಟಲೇ ಇಲ್ಲ. ಎಂಟನೇ ಮೂರರಷ್ಟು ಅಳತೆಯ ಮಾದರಿಯೊಂದನ್ನು ಮಾಡಿದರು, ಅದು ಇಂದಿಗೂ ಡಿಯರ್‌ಬೋರ್ನಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಸೊಗಸೇ ಅಲ್ಲಿದೆ. ಫೋರ್ಡಿನವರು ಆ ಕನಸನ್ನು ಮೇಜಿನ ಮೇಲೆ ನಿಲ್ಲಿಸಿದರು, ಪಕ್ಕದ ಮನೆಯ ಶೆಡ್ಡಿನಲ್ಲಿ ನಿಲ್ಲಿಸಲಿಲ್ಲ. ನಾವು ಇಂದು ಅದನ್ನು ನೋಡಿ ಮುಗುಳ್ನಗಬಹುದಾದರೆ, ಆ ಅಣುಸ್ಥಾವರ ಯಾವ ಹೆದ್ದಾರಿಯಲ್ಲೂ ಯಾರಿಗೂ ಡಿಕ್ಕಿ ಹೊಡೆಯಲಿಲ್ಲ ಎಂಬ ಕಾರಣಕ್ಕೆ.

ಕತ್ತರಿಸಿದಂಥ ಬೆಣೆಯ ಆಕಾರ ಇವೆರಡಕ್ಕೂ ಆಮೇಲಿನದು. 1968ರಲ್ಲಿ ಮಾರ್ಚೆಲ್ಲೊ ಗಾಂಡಿನಿ ಬರ್ಟೋನೆ ಸಂಸ್ಥೆಗಾಗಿ ‘ಕರಾಬೊ’ ಮಾಡಿದರು. 1970ರಲ್ಲಿ ಅವರದೇ ‘ಸ್ಟ್ರಾಟೋಸ್ ಜೀರೋ’ ಬಂತು, ನೆಲದಿಂದ ನೆತ್ತಿಗೆ ಬರೇ 84 ಸೆಂಟಿಮೀಟರ್. ಒಳಗೆ ಹೋಗಬೇಕೆಂದರೆ ಮುಂಗಾಜನ್ನೇ ಮುಚ್ಚಳದಂತೆ ಎತ್ತಬೇಕು. ಆಮೇಲೆ ಜಾರ್ಜೆತ್ತೊ ಜುಜಾರೊ ಕಾಗದ ಮಡಚಿದಂತೆ ತಗಡು ಮಡಚುವ ಶೈಲಿಯನ್ನು ಬೆಳೆಸಿದರು. ಹೀಗೆ ನೋಡಿದರೆ ನಾಳೆಯ ಆಕಾರ ಇಪ್ಪತ್ತು ಇಪ್ಪತ್ತು ವರ್ಷಕ್ಕೊಮ್ಮೆ ಬದಲಾಗುವ ಸೀರೆಯ ಅಂಚು. ಅದರಲ್ಲಿ ಒಂದು ದಶಕದ ಫ್ಯಾಷನ್ನನ್ನು ಆರಿಸಿಕೊಂಡು, ಇದೇ ಸಾಕ್ಷಾತ್ ಭವಿಷ್ಯ ಎನ್ನುವವರಿಗೆ ಉಳಿದ ದಶಕಗಳ ನೆನಪಿಲ್ಲ, ಅಷ್ಟೇ.

ಅದೇ ಕಾಲದ ಇನ್ನೊಂದು ಬಂಡಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಅದೂ ಪಿಕಪ್, ಅದೂ ‘ನಾಳೆಯ’ ಪಿಕಪ್. ಹೆಸರು ಡಿಯೋರಾ. ಡಾಡ್ಜ್ ಕಂಪನಿಯ ಸಾಧಾರಣ ಎ100 ಪಿಕಪ್ ಗಾಡಿಯನ್ನು ತಗ್ಗಿಸಿ, ಕತ್ತರಿಸಿ, ಡೆಟ್ರಾಯ್ಟಿನ ಅಲೆಕ್ಸಾಂಡರ್ ಸಹೋದರರು ಕಟ್ಟಿದ್ದು. ನಕ್ಷೆ ಹಾಕಿಕೊಟ್ಟವರು ಹ್ಯಾರಿ ಬ್ರಾಡ್ಲಿ. ಪಕ್ಕದಲ್ಲಿ ಬಾಗಿಲುಗಳೇ ಇಲ್ಲ. ಮುಂಗಾಜು ಮೇಲಕ್ಕೇಳುತ್ತದೆ, ಅದರ ಕೆಳಗಿನ ತಗಡು ಪಕ್ಕಕ್ಕೆ ತಿರುಗುತ್ತದೆ, ನೀವು ಗಾಡಿಯ ಮುಖದ ಮೂಲಕವೇ ಒಳಹೋಗಬೇಕು. ಆ ಮುಂಗಾಜೂ ಹೊಸದಾಗಿ ಮಾಡಿಸಿದ್ದಲ್ಲ, ಫೋರ್ಡ್ ಸ್ಟೇಷನ್ ವ್ಯಾಗನ್ನಿನ ಹಿಂಗಾಜು. 1967ರಲ್ಲಿ ಡೆಟ್ರಾಯ್ಟಿನ ಆಟೋರಾಮಾದಲ್ಲಿ ರಿಡ್ಲರ್ ಪ್ರಶಸ್ತಿ ಬಂತು. ಅಲ್ಲಿಗೆ ಅದರ ರಸ್ತೆಯ ಕಥೆ ಹೆಚ್ಚು ಕಡಿಮೆ ಮುಗಿಯಿತು. ಬ್ರಾಡ್ಲಿ ಅವರು ಹಾಟ್ ವೀಲ್ಸ್‌ನ ಮೊದಲ ವಿನ್ಯಾಸಕಾರರಾದರು, 1968ರಲ್ಲಿ ಬಂದ ಮೊದಲ ಹದಿನಾರು ಪುಟಾಣಿ ಕಾರುಗಳಲ್ಲಿ ಡಿಯೋರಾ ಸೇರಿಕೊಂಡಿತು. ಬೆನ್ನ ಮೇಲೆ ಎರಡು ಪ್ಲಾಸ್ಟಿಕ್ ಸರ್ಫ್ ಹಲಗೆ, ಮಿರುಗುವ ಬಣ್ಣ. ಅಂಗೈಯಲ್ಲಿಟ್ಟುಕೊಂಡರೆ ಅದರ ಪುಟ್ಟ ಭಾರ ಹಿತವಾಗಿರುತ್ತದೆ. ಮೇಲಿಂದ ಬೆರಳಾಡಿಸಿದರೆ ಒಂದು ಮೂಲೆಯೂ ಚುಚ್ಚುವುದಿಲ್ಲ, ಎರಕದ ಅಚ್ಚಿನಿಂದ ಸಲೀಸಾಗಿ ಬಿಡಿಸಿಕೊಳ್ಳಲು ಪ್ರತಿ ಅಂಚನ್ನೂ ತುಸು ಓರೆ ಮಾಡಿ, ತುಸು ಮೊಂಡು ಮಾಡಿರುತ್ತಾರೆ. ನಿಜವಾದ ಡಿಯೋರಾ ಒಂದೇ ಒಂದು, ಆಟಿಕೆಯ ಡಿಯೋರಾಗಳು ಲೆಕ್ಕವಿಲ್ಲದಷ್ಟು. ಆ ಆಕಾರಕ್ಕೆ ತಕ್ಕ ಪ್ರಮಾಣ ಅದೇ ಎಂದು ಆ ಕಾಲದವರಿಗೆ ತಿಳಿದಿತ್ತು. ಗೊತ್ತಿಲ್ಲದವರು ನಾವು.

ಎದುರಾಳಿಗಳ ಅತಿ ಗಟ್ಟಿ ವಾದವೆಂದರೆ ಎಂಜಿನ್ನಿನದು. ವಿದ್ಯುತ್ ಕಾರಿಗೆ ಮುಂದೆ ದೊಡ್ಡ ಎಂಜಿನ್ ಬೇಡ, ರೇಡಿಯೇಟರಿನ ಜಾಲರಿ ಬೇಡ, ಉದ್ದದ ಗೇರ್‌ಪೆಟ್ಟಿಗೆ ಬೇಡ. ಹಾಗಾಗಿ ವಿನ್ಯಾಸಕಾರ ಸ್ವತಂತ್ರ, ಬೇಕಾದ ಆಕಾರ ಕೊಡಬಹುದು ಎನ್ನುತ್ತಾರೆ. ಕೇಳಲು ಸರಿಯಾಗಿದೆ, ಲೆಕ್ಕ ಹಾಕಿದರೆ ತಲೆಕೆಳಗು. ಸೈಬರ್‌ಟ್ರಕ್ಕಿನ ಬ್ಯಾಟರಿ 123 ಕಿಲೋವ್ಯಾಟ್ ಗಂಟೆಯದು. ಪೆಟ್ರೋಲಿನಲ್ಲಿ ಅಷ್ಟೇ ಶಕ್ತಿ ಬೇಕೆಂದರೆ ಸುಮಾರು 14 ಲೀಟರ್ ಸಾಕು, ನಮ್ಮ ಬೈಕಿನ ಒಂದು ಟ್ಯಾಂಕ್. ಪೆಟ್ರೋಲ್ ಎಂಜಿನ್ ತನಗೆ ಕೊಟ್ಟ ಶಕ್ತಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬಿಸಿಯಾಗಿ ಕಳೆಯುತ್ತದೆ, ವಿದ್ಯುತ್ ಮೋಟರ್ ಬಹುಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ, ಅದರಿಂದಲೇ ಈ ಬಂಡಿಗಳು ಓಡುವುದು. ಆದರೂ ಕೈಯಲ್ಲಿರುವುದು ಬೈಕಿನ ಟ್ಯಾಂಕಿನಷ್ಟು ಶಕ್ತಿ, ಹೊರಬೇಕಾದದ್ದು ಮೂರು ಟನ್. ಹೆದ್ದಾರಿಯ ವೇಗದಲ್ಲಿ ಈ ಶಕ್ತಿಯ ದೊಡ್ಡ ಪಾಲು ಖರ್ಚಾಗುವುದು ಗಾಳಿಯನ್ನು ತಳ್ಳಲಿಕ್ಕೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಮೀರಲು ಬೇಕಾದ ಮೋಟರಿನ ಸಾಮರ್ಥ್ಯ ಎಂಟು ಪಟ್ಟು. ಪೆಟ್ರೋಲ್ ಕಾರು ಗಾಳಿಯ ಜೊತೆ ಜಗಳಕ್ಕೆ ನಿಂತರೂ ದಾರಿಯ ಬಂಕಿನಲ್ಲಿ ಐದು ನಿಮಿಷ ನಿಂತು ದಣಿವಾರಿಸಿಕೊಳ್ಳುತ್ತದೆ. ವಿದ್ಯುತ್ ಕಾರಿಗೆ ಆ ಸೌಲಭ್ಯವಿಲ್ಲ. ಎಂಜಿನ್ ಹೋದ ಮೇಲೆ ವಿನ್ಯಾಸಕಾರನಿಗೆ ಸ್ವಾತಂತ್ರ್ಯ ಬಂತೆಂಬುದು ಭ್ರಮೆ. ಧಣಿ ಬದಲಾದ, ಹೊಸ ಧಣಿ ಗಾಳಿ.

ಇದನ್ನು ಮೊದಲೇ ಅರಿತವರಿದ್ದರು. 1996ರಲ್ಲಿ ಜನರಲ್ ಮೋಟರ್ಸ್ ಹೊರತಂದ ಇವಿ1 ಕಾರಿನ ಗಾಳಿ ತಡೆಯ ಗುಣಾಂಕ 0.19; ಈ ಅಂಕಿ ಕಡಿಮೆಯಿದ್ದಷ್ಟೂ ಗಾಳಿಯ ಜೊತೆ ಜಗಳ ಕಡಿಮೆ. ಆ ಕಾರಿನ ಸೀಸದ ಬ್ಯಾಟರಿಯಲ್ಲಿ ಶಕ್ತಿ ಅಷ್ಟಕ್ಕಷ್ಟೆ, ಹಾಗಾಗಿ ಗಾಳಿ ಹೇಳಿದಂತೆ ಕೇಳಲೇಬೇಕಿತ್ತು. ಇಂದಿನ ಲೂಸಿಡ್ ಏರ್, ಮರ್ಸಿಡಿಸ್ ಇಕ್ಯೂಎಸ್, ಹ್ಯುಂಡೈ ಅಯಾನಿಕ್ 6 ಎಲ್ಲವೂ 0.20ರ ಆಸುಪಾಸಿನಲ್ಲಿವೆ. ಟೆಸ್ಲಾದ ಮಾಡೆಲ್ ಎಸ್ ಕೂಡ 0.208. ಅದನ್ನು ತಿದ್ದಿ ತೀಡಿದ್ದೂ ಇದೇ ವಾನ್ ಹೋಲ್ಟ್ಸ್‌ಹೌಸೆನ್. ಸೈಬರ್‌ಟ್ರಕ್ ಮಾತ್ರ, ಕಂಪನಿಯೇ ಹೇಳಿದಂತೆ, 0.34ರ ಹತ್ತಿರ. ಪಿಕಪ್ಪಿಗೆ ಅಷ್ಟಾದರೂ ಮೇಲು ಎನ್ನುವವರು ರಿವಿಯನ್ ಆರ್1ಟಿ ಎಂಬ ವಿದ್ಯುತ್ ಪಿಕಪ್ಪನ್ನು ನೋಡಬೇಕು. ಮೂಲೆಗಳನ್ನು ಸವರಿ ದುಂಡಗೆ ಮಾಡಿದ, ಯಾರೂ ಭವಿಷ್ಯ ಎಂದು ಕೂಗದ ಆ ಬಂಡಿಯ ಗುಣಾಂಕ 0.30. 2019ರಲ್ಲಿ ಸೈಬರ್‌ಟ್ರಕ್ 500 ಮೈಲಿ ಮೀರಿ ಓಡುತ್ತದೆ ಎಂದಿದ್ದರು; 2023ರಲ್ಲಿ ಬಂದದ್ದರಲ್ಲಿ ಅತಿ ಹೆಚ್ಚೆಂದರೆ 340 ಮೈಲಿ. ಉಳಿದದ್ದಕ್ಕೆ ಹಿಂದಿನ ತೊಟ್ಟಿಯಲ್ಲಿ ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಿ, 16,000 ಡಾಲರ್ ಕೊಡಿ ಎಂದರು. 2025ರಲ್ಲಿ ಅದನ್ನೂ ಕೈಬಿಟ್ಟು ಮುಂಗಡ ಹಿಂತಿರುಗಿಸಿದರು. ಈ ಕೊರತೆಯೆಲ್ಲ ಆಕಾರದಿಂದಲೇ ಬಂತೆಂದು ಹೇಳಲಾರೆ, ತೂಕಕ್ಕೂ ಟೈರಿಗೂ ಅದರಲ್ಲಿ ಪಾಲಿದೆ. ಆದರೆ ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದೆಂಬ ನಮ್ಮ ಗಾದೆ ಇಷ್ಟು ಅಕ್ಷರಶಃ ನಿಜವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೆಣೆಯಾಕಾರದ ಕಾರುಗಳು ಕಳೆದ ಸಲ ಮರೆಯಾದದ್ದೂ ಇದೇ ಕಾರಣಕ್ಕೆ ಎಂಬುದನ್ನು ಯಾರೂ ನೆನಪಿಸಿಕೊಳ್ಳುತ್ತಿಲ್ಲ. 1973ರಲ್ಲಿ ಒಮ್ಮೆ, 1979ರಲ್ಲಿ ಮತ್ತೊಮ್ಮೆ ತೈಲದ ಬೆಲೆ ಏರಿತು. ಕಾರು ಕಂಪನಿಗಳು ಗಾಳಿ ಸುರಂಗಗಳ ಬಾಗಿಲು ತಟ್ಟಿದವು. 1982ರ ಆಡಿ 100 ಕಿಟಕಿಯ ಗಾಜನ್ನು ಮೈಗೆ ಸಮನಾಗಿ ಕೂರಿಸಿ, ಮೂಲೆಗಳನ್ನು ಸವರಿ 0.30 ಮುಟ್ಟಿತು, ಅದೇ ವರ್ಷ ಫೋರ್ಡ್ ಸಿಯೆರಾ ಬಂತು. ಅಲ್ಲಿಂದ ಮುಂದೆ ಚೂಪು ಅಂಚಿನ ಕಾರುಗಳು ಒಂದೊಂದಾಗಿ ಕಪಾಟು ಸೇರಿದವು. ಶಕ್ತಿ ದುಬಾರಿಯಾದಾಗ ಮೂಲೆಗೆ ಸೇರಿದ್ದನ್ನು, ಶಕ್ತಿಯನ್ನು ಇನ್ನಷ್ಟು ಜಿಪುಣತನದಿಂದ ಬಳಸಬೇಕಾದ ಬ್ಯಾಟರಿಯ ಕಾಲದಲ್ಲಿ ಹೊರಗೆಳೆದು ತಂದಿದ್ದೇವೆ.

ಎಲ್ಲ ಕಾರುಗಳೂ ಒಂದೇ ಥರ ಕಾಣುತ್ತವೆ ಎಂಬ ದೂರು ಬೇರೆ ಇದೆ. ಕಾಣುತ್ತವೆ, ಒಪ್ಪಿದೆ. ಗಾಳಿ ಎಲ್ಲರಿಗೂ ಒಂದೇ.

ಇನ್ನು ಚಪ್ಪಟೆತನದ ಸಂಗತಿ. ಅದನ್ನು ಧೀರ ಕಲಾನಿರ್ಧಾರ ಎಂಬಂತೆ ವರ್ಣಿಸುವವರಿಗೆ ಸ್ವತಃ ಮಸ್ಕ್ 2019ರಲ್ಲೇ ಉತ್ತರ ಕೊಟ್ಟಿದ್ದಾರೆ. ತಾವು ಬಳಸುವ ಸ್ಟೇನ್‌ಲೆಸ್ ಉಕ್ಕು ಎಷ್ಟು ಗಡುಸೆಂದರೆ ಅದನ್ನು ಅಚ್ಚಿನಲ್ಲಿ ಒತ್ತಲು ಹೋದರೆ ಪ್ರೆಸ್ಸೇ ಮುರಿಯುತ್ತದೆ, ಹಾಗಾಗಿ ತಗಡು ಸಮತಲವಾಗಿದೆ ಎಂದು. ಉಬ್ಬು ಕೊಡಲಾಗದೆ ಚಪ್ಪಟೆಯಾಯಿತು. ಕೈಲಾಗದ್ದನ್ನು ವ್ರತ ಎಂದು ಕರೆದುಕೊಂಡರು, ಅಭಿಮಾನಿಗಳು ಪಾರಣೆಗೆ ಕೂತರು.

ಚಪ್ಪಟೆ ತಗಡಿನ ಕಷ್ಟ ಕಾರು ಕಟ್ಟುವವರಿಗೆ ಹಳೆಯ ಪರಿಚಯ. ದೊಡ್ಡ ತಗಡನ್ನು ಪೂರ್ತಿ ಸಪಾಟಾಗಿಟ್ಟರೆ ಕಣ್ಣಿಗೆ ಅದು ನಡುವೆ ಕುಸಿದಂತೆ, ಒಳಗೆ ಗುಳಿಬಿದ್ದಂತೆ ಕಾಣುತ್ತದೆ. ಅದಕ್ಕೇ ಅತಿ ಚೂಪಾದ ಕಾರು ಮಾಡಿದ ಜುಜಾರೊ, ಗಾಂಡಿನಿಯವರೂ ತಗಡಿಗೆ ಕಂಡೂ ಕಾಣದ ಉಬ್ಬು ಕೊಡುತ್ತಿದ್ದರು. ಆಟಿಕೆಯಲ್ಲಿ ಈ ತೊಂದರೆಯಿಲ್ಲ. ಎರಡು ಸೆಂಟಿಮೀಟರ್ ಉದ್ದದ ಬಾಗಿಲು ಸಪಾಟಾಗಿದ್ದರೂ ಕಣ್ಣು ಅದನ್ನು ತೂಗಿ ನೋಡುವುದಿಲ್ಲ. 5.7 ಮೀಟರ್ ಉದ್ದದ ಬಣ್ಣವಿಲ್ಲದ ಉಕ್ಕಿನ ಮೈ ಹಾಗಲ್ಲ. ಒಂದು ತಗಡು ಪಕ್ಕದ್ದಕ್ಕಿಂತ ಎಳೆಯಷ್ಟು ಆಚೀಚೆಯಾದರೂ ಎದ್ದು ಕಾಣುತ್ತದೆ. 2023ರ ಆಗಸ್ಟಿನಲ್ಲಿ ಮಸ್ಕ್ ತಮ್ಮ ಸಿಬ್ಬಂದಿಗೆ ಬರೆದ ಪತ್ರ ಬಹಿರಂಗವಾಯಿತು: ಪ್ರತಿ ಭಾಗವೂ 10 ಮೈಕ್ರಾನಿಗಿಂತ ಕಡಿಮೆ ವ್ಯತ್ಯಾಸದಲ್ಲಿರಬೇಕು, ಅಗ್ಗದ ಲೆಗೊ ಇಟ್ಟಿಗೆಗೂ ಸೋಡಾ ಡಬ್ಬಿಗೂ ಅದು ಸಾಧ್ಯವಾದರೆ ನಮಗೂ ಸಾಧ್ಯ ಎಂಬುದು ಅದರ ತಾತ್ಪರ್ಯ. ಅಂಗೈಗಿಂತ ಸಣ್ಣ ಪ್ಲಾಸ್ಟಿಕ್ ತುಂಡಿಗೆ ಇಡೀ ಬೇಸಿಗೆಯಲ್ಲಿ ಎಷ್ಟು ಹಿಗ್ಗುವಿಕೆ, ಐದೂಮುಕ್ಕಾಲು ಮೀಟರ್ ಉಕ್ಕಿಗೆ ಎಷ್ಟು? ಆಟಿಕೆಯ ಅಳತೆಗೋಲನ್ನು ಟ್ರಕ್ಕಿಗೆ ಹಿಡಿಯುವ ಮನಸ್ಸು ಈ ಪತ್ರದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಬಯಲಾಗಿಲ್ಲ.

ಆಮೇಲೆ ಆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಹೊರಮೈಯೇ ಅಸ್ಥಿಪಂಜರ, ಏಡಿಯ ಚಿಪ್ಪಿನಂತೆ ಅದೇ ಭಾರ ಹೊರುತ್ತದೆ ಎಂದು ಅನಾವರಣದ ದಿನ ಹೇಳಿದ್ದರು. 2025ರ ಮಾರ್ಚಿನಲ್ಲಿ 46,096 ಸೈಬರ್‌ಟ್ರಕ್‌ಗಳನ್ನು ವಾಪಸು ಕರೆಸಬೇಕಾಯಿತು. ಅಲ್ಲಿಯವರೆಗೆ ತಯಾರಾದದ್ದು ಹೆಚ್ಚು ಕಡಿಮೆ ಅಷ್ಟೇ. ಕಾರಣ, ಮುಂಗಾಜಿನ ಪಕ್ಕದಿಂದ ಚಾವಣಿಯ ಅಂಚಿಗೆ ಹೋಗುವ ಉಕ್ಕಿನ ಪಟ್ಟಿಯನ್ನು ಅಂಟಿನಿಂದ ಅಂಟಿಸಿದ್ದರು, ಓಡುವಾಗ ಅದು ಕಿತ್ತು ಹಾರುವ ಅಪಾಯವಿತ್ತು. ಅಸ್ಥಿಪಂಜರವೆಂದು ಹೇಳಿದ್ದರ ಒಂದು ಭಾಗ ಅಂಟಿಸಿದ ಅಲಂಕಾರವಾಗಿತ್ತು. ಪ್ಲಾಸ್ಟಿಕ್ ಮಾಡೆಲ್ ಕಿಟ್ ಜೋಡಿಸಿದವರಿಗೆ ಆ ಅಂಟಿನ ವಾಸನೆ ಚೆನ್ನಾಗಿ ಗೊತ್ತು.

ಅಳತೆ ಹಿಗ್ಗಿಸಿದರೆ ಗುಣ ಉಳಿಯುವುದಿಲ್ಲ ಎಂಬುದನ್ನು ಗೆಲಿಲಿಯೋ 1638ರಲ್ಲೇ ಬರೆದಿಟ್ಟಿದ್ದಾನೆ. 1:64ರ ಮಾದರಿಯನ್ನು ಪೂರ್ಣ ಗಾತ್ರಕ್ಕೆ ತಂದರೆ ಮೈಯ ವಿಸ್ತೀರ್ಣ 4,096 ಪಟ್ಟಾಗುತ್ತದೆ, ಅದೇ ವಸ್ತುವಿನಲ್ಲಿ ಮಾಡಿದರೆ ತೂಕ 2,62,144 ಪಟ್ಟು. ಮೇಜಿನ ಕಾಲಿಗೆ ಗುದ್ದಿದ ಪುಟಾಣಿ ಕಾರಿನ ಬಣ್ಣ ಕಿತ್ತುಹೋಗುತ್ತದೆ. ರಸ್ತೆಯಲ್ಲಿ ಗುದ್ದಿದ್ದು ಮನುಷ್ಯನ ಕಾಲಿಗಾದರೆ?

ಇಲ್ಲಿ ನನಗೆ ನಗು ಬರುವ, ನಗು ಅರ್ಧಕ್ಕೇ ನಿಲ್ಲುವ ಒಂದು ಸಂಗತಿಯಿದೆ. ಆಟಿಕೆಗಳಿಗೆ ಚೂಪು ಅಂಚಿನ ಪರೀಕ್ಷೆ ಎಂಬುದೊಂದಿದೆ. ಬೆರಳಿಗಿಂತ ಸಪೂರದ ಉಕ್ಕಿನ ಕಡ್ಡಿಗೆ ಟೆಫ್ಲಾನ್ ಪಟ್ಟಿ ಸುತ್ತುತ್ತಾರೆ. ಆಟಿಕೆಯ ಅಂಚಿನ ಮೇಲೆ ಅದನ್ನು 6 ನ್ಯೂಟನ್ ಬಲದಲ್ಲಿ, ಅಂದರೆ ಸುಮಾರು ಆರುನೂರು ಗ್ರಾಂ ಭಾರದಷ್ಟು, ಒತ್ತಿಹಿಡಿದು ಒಂದು ಸುತ್ತು ತಿರುಗಿಸುತ್ತಾರೆ. ಅಂಚು ತಾಗಿದ ಉದ್ದದಲ್ಲಿ ಪಟ್ಟಿ ಅರ್ಧಕ್ಕಿಂತ ಹೆಚ್ಚು ಕತ್ತರಿಸಿಹೋದರೆ ಆ ಅಂಚು ಚೂಪು ಎಂದು ಲೆಕ್ಕ, ಅಂಥ ಆಟಿಕೆ ಎಳೆಯ ಮಕ್ಕಳ ಕೈಗೆ ಹೋಗುವಂತಿಲ್ಲ. ಭಾರತದಲ್ಲೂ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ, ಐಎಸ್ 9873 ಮಾನಕದಲ್ಲಿ ಈ ಪರೀಕ್ಷೆಯೂ ಸೇರಿದೆ. ಅಂಗೈಯಗಲದ ಸೈಬರ್‌ಟ್ರಕ್ಕಿಗೆ ಇಷ್ಟೆಲ್ಲ ಕಟ್ಟುಪಾಡು. ಮೂರು ಟನ್ನಿನದಕ್ಕೆ ಅಮೆರಿಕದಲ್ಲಿ ಇಂಥ ಪರೀಕ್ಷೆಯಿಲ್ಲ. ಯುರೋಪಿನಲ್ಲಿ ಇದೆ. ವಿಶ್ವಸಂಸ್ಥೆಯ ಆರ್ಥಿಕ ಆಯೋಗದ 26ನೇ ನಿಯಮದ ಪ್ರಕಾರ ಕಾರಿನ ಹೊರಮೈಯಲ್ಲಿ ಚಾಚಿಕೊಂಡ ಭಾಗದ ಅಂಚು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟಾದರೂ ದುಂಡಗಿರಬೇಕು. ಅಲ್ಲಿ ಸೈಬರ್‌ಟ್ರಕ್ ಮಾರಾಟಕ್ಕಿಲ್ಲ. ಬ್ರಿಟನ್ನಿನಲ್ಲಿ ಯಾರೋ ಒಬ್ಬರು ಹೊರಗಿನಿಂದ ತಂದು ಓಡಿಸಿದಾಗ, 2025ರ ಜನವರಿಯಲ್ಲಿ, ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಅನುಮೋದನೆ ಪತ್ರವಿಲ್ಲವೆಂದು ಬಂಡಿಯನ್ನು ವಶಕ್ಕೆ ಪಡೆದರು.

ಅಮೆರಿಕದ ಡಿಕ್ಕಿ ಪರೀಕ್ಷೆಯಲ್ಲಿ ಇದಕ್ಕೆ ಐದು ನಕ್ಷತ್ರ ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಬಂದಿದೆ, 2025ರ ಫೆಬ್ರುವರಿಯಲ್ಲಿ. ಆ ನಕ್ಷತ್ರಗಳು ಒಳಗೆ ಕೂತವರ ಕ್ಷೇಮಕ್ಕೆ ಸಂಬಂಧಿಸಿದವು. ಹೊರಗೆ ನಡೆಯುತ್ತಿರುವವನ ಎದೆಗೂಡು, ಮಂಡಿಚಿಪ್ಪುಗಳ ಲೆಕ್ಕ ಅದರಲ್ಲಿಲ್ಲ. ಗುಂಡಿಗೂ ಜಗ್ಗದ ಬಾಗಿಲು ಎಂದು ಜಾಹೀರು ಮಾಡುವ ವಾಹನ ತನ್ನ ಸುತ್ತಲಿನವರನ್ನು ಏನೆಂದು ಭಾವಿಸಿದೆ ಎಂಬುದನ್ನು ಆ ಹೆಮ್ಮೆಯೇ ಹೇಳುತ್ತದೆ.

ಕೋನಗಳ ಮೇಲೆ ನನಗೆ ಹಗೆಯಿಲ್ಲ. 1980ರ ಫಿಯಟ್ ಪಾಂಡಾ ಕಾರನ್ನು ನೋಡಿ. ಅದೂ ಜುಜಾರೊ ಕೈಯದೇ. ಪೆಟ್ಟಿಗೆಯಂಥ ಮೈ, ಗಾಜುಗಳೆಲ್ಲ ಚಪ್ಪಟೆ. ಏಕೆ ಚಪ್ಪಟೆ ಎಂದರೆ ಚಪ್ಪಟೆ ಗಾಜು ಅಗ್ಗ, ಒಡೆದರೆ ಬದಲಿಸುವುದು ಸುಲಭ, ಎಡಗಡೆಯದನ್ನು ಬಲಗಡೆಗೂ ಹಾಕಬಹುದು. ಬಡ ರೈತನೂ ಕೊಳ್ಳಬೇಕಾದ ಕಾರಿಗೆ ಆ ಆಕಾರ ದುಡಿಯಿತು. ಹ್ಯುಂಡೈ ಅಯಾನಿಕ್ 5 ಕೂಡ ಕೋನದ ಕಾರೇ. 1974ರಲ್ಲಿ ಟ್ಯೂರಿನ್ನಿನಲ್ಲಿ ತೋರಿಸಿದ ಜುಜಾರೊ ಅವರ ಪೋನಿ ಕಾರಿನ ನೆನಪನ್ನು ಅದು ಹೊತ್ತಿದೆ. ಆದರೆ ಅದರ ಮಡಿಕೆಗಳು ಮಡಿಕೆಗಳಂತೆ ಕಾಣುವ ಹಾಗೆ ಮಾಡಿ, ಗಾಳಿ ತಾಗುವಲ್ಲಿ, ಮನುಷ್ಯ ತಾಗುವಲ್ಲಿ ಅಂಚನ್ನು ಸವರಿದ್ದಾರೆ, ಗುಣಾಂಕ 0.288. ಹಳೆಯ ಮಾದರಿಯನ್ನು ಪ್ರೀತಿಸುವುದು ಹೇಗೆಂದು ತಿಳಿದವರ ಕೆಲಸ ಅದು. ಹಳೆಯದು ಎಂದು ಒಪ್ಪಿಕೊಂಡೇ ಹಳೆಯದನ್ನು ತೊಟ್ಟಿದ್ದಾರೆ.

ಬೆಂಗಳೂರಿನವರಿಗೆ ಈ ಚರ್ಚೆಯಲ್ಲಿ ಮಾತಾಡುವ ಹಕ್ಕು ತುಸು ಹೆಚ್ಚೇ ಇದೆ. 2001ರಲ್ಲಿ ಇಲ್ಲಿಂದಲೇ ರೇವಾ ಹೊರಬಂತು. ಪುಟ್ಟ, ಗುಂಡಗಿನ, ಪ್ಲಾಸ್ಟಿಕ್ ಮೈಯ ವಿದ್ಯುತ್ ಕಾರು. ಸಣ್ಣಪುಟ್ಟ ತಾಗುವಿಕೆಗೆ ಜಜ್ಜದು. ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಲ್ಲಿ ಓಡಿತು. ಅದಕ್ಕೆ ಕೊರತೆಗಳಿದ್ದವು, ಸುರಕ್ಷತೆಯ ಬಗ್ಗೆ ಬಂದ ಟೀಕೆಯೂ ನ್ಯಾಯವಾದದ್ದೇ. ಆದರೆ ಅದನ್ನು ಹೆಚ್ಚಾಗಿ ಹಳಿದದ್ದು ‘ಆಟಿಕೆಯಂತಿದೆ’ ಎಂದು. ನಿಜವಾಗಿ ಆಟಿಕೆಯಿಂದ ಹುಟ್ಟಿದ ಸೈಬರ್‌ಟ್ರಕ್ಕನ್ನು ಅದೇ ಜನ ಭವಿಷ್ಯ ಎಂದು ಕೊಂಡಾಡುತ್ತಿದ್ದಾರೆ. ಸಣ್ಣದಾಗಿ, ದುಂಡಗಾಗಿ, ಊರೊಳಗಿನ ಓಡಾಟಕ್ಕೆ ತಕ್ಕಂತಿದ್ದದ್ದು ಆಟಿಕೆ. ಯಾವ ಗಲ್ಲಿಯಲ್ಲೂ ತಿರುಗದ ಉಕ್ಕಿನ ಕೋಟೆ ಪ್ರೌಢ ವಾಹನ!

ಈ ಹೊಗಳಿಕೆಯ ಗಾಳಿ ನಮ್ಮ ಕಡೆಗೂ ಬೀಸುತ್ತಿದೆ. 2024ರಲ್ಲಿ ಮಹೀಂದ್ರದ ಬಿಇ 6 ಬಂದಾಗ ಅದರ ಮಡಿಕೆ, ಮೊನೆಗಳಿಗೆ ಸಿಕ್ಕ ಮಾತು ಬೇರೆ ಯಾವುದಕ್ಕೂ ಸಿಗಲಿಲ್ಲ. ಅದು ಸೈಬರ್‌ಟ್ರಕ್ಕಿನಷ್ಟು ಹಟಮಾರಿಯಲ್ಲ, ತಗಡಿಗೆ ಉಬ್ಬು ತಗ್ಗುಗಳಿವೆ. ಆದರೂ ಚೂಪೇ ಹೊಸತನ ಎಂಬ ಪಾಠ ಒಮ್ಮೆ ತಲೆಗೇರಿದರೆ ಮುಂದಿನ ಕಂಪನಿ ಇನ್ನೊಂದು ಹೆಜ್ಜೆ ಮುಂದಿಡುತ್ತದೆ, ಅದರ ಮುಂದಿನದು ಮತ್ತೊಂದು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ಇದು. ಫುಟ್‌ಪಾತ್ ಇದ್ದೂ ಇಲ್ಲದ ಊರುಗಳಲ್ಲಿ, ಕಾರಿನ ಮೂತಿಗೂ ಮನುಷ್ಯನ ಮೈಗೂ ಒಂದು ಮೊಳ ಅಂತರವಿಲ್ಲದ ರಸ್ತೆಗಳಲ್ಲಿ ನಾವು ಬದುಕುತ್ತಿದ್ದೇವೆ.

ಹಾಗಾಗಿ ಶೋರೂಮಿನಲ್ಲಿ ಹೊಸ ವಿದ್ಯುತ್ ಕಾರಿನ ಮುಂದೆ ನಿಂತಾಗ ಮಾರುವವನನ್ನು ಮೂರು ಮಾತು ಕೇಳಿ. ಗಾಳಿ ತಡೆಯ ಗುಣಾಂಕ ಎಷ್ಟು? ಪಾದಚಾರಿ ಸುರಕ್ಷತೆಯ ಪರೀಕ್ಷೆಯಲ್ಲಿ ಏನಾಯಿತು? ಆಟೋ ಒಂದು ಉಜ್ಜಿಕೊಂಡು ಹೋದರೆ ಬದಿಯ ತಗಡನ್ನು ನಮ್ಮೂರ ಟಿಂಕರಿಂಗ್ ಅಂಗಡಿಯವನು ಸರಿ ಮಾಡಬಲ್ಲನೇ, ಇಲ್ಲ ಇಡೀ ತಗಡನ್ನೇ ಬದಲಿಸಬೇಕೇ? ಉತ್ತರ ಸಿಕ್ಕ ಮೇಲೆ ಅಂದಚೆಂದದ ಮಾತಾಡಲು ಬೇಕಾದಷ್ಟು ಹೊತ್ತಿದೆ. ಮೂರಕ್ಕೂ ಉತ್ತರವಿಲ್ಲದೆ ಆತ ಬರೇ ಭವಿಷ್ಯ ಭವಿಷ್ಯ ಎನ್ನುತ್ತಿದ್ದರೆ, ಆ ಕಾರನ್ನು 1:64ರ ಅಳತೆಯಲ್ಲಿ ಕೊಂಡುಕೊಳ್ಳಿ.